ಶೇಕಡಾ ಎರಡರ ಲೆಕ್ಕ, ಕಾಳಿ ತೀರದ ಪಾಲು

ಕಾರವಾರ, ಅಂಕೋಲಾ ತಾಲೂಕುಗಳ ಸರ್ಕಾರಿ ಶಾಲೆಗಳ ಬಿಸಿಯೂಟದಲ್ಲಿ ವಾರಕ್ಕೆ ಎರಡು ದಿನ ಇದ್ದ ಮೊಟ್ಟೆ 2024ರಿಂದ ಆರು ದಿನಕ್ಕೇರಿತು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು. ಹೆಚ್ಚಿದ ಆ ನಾಲ್ಕು ದಿನಗಳ ಖರ್ಚು ಅಜೀಂ ಪ್ರೇಮ್‌ಜಿ ಫೌಂಡೇಷನ್‌ನದು. ಇಡೀ ರಾಜ್ಯದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಅರ್ಧ ಕೋಟಿಗೂ ಹೆಚ್ಚು ಮಕ್ಕಳಿಗಾಗಿ ಮೂರು ವರ್ಷದಲ್ಲಿ ಸುಮಾರು 1,500 ಕೋಟಿ ರೂಪಾಯಿ ಕೊಡುವುದಾಗಿ ಫೌಂಡೇಷನ್ ಆ ವರ್ಷದ ಜುಲೈಯಲ್ಲಿ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡಿತು. ಬೆಂಗಳೂರಿನಲ್ಲಿ ಆದ ಸಹಿ, ಕಾಳಿ ನದಿಯ ದಡದ ಏಕೋಪಾಧ್ಯಾಯ ಶಾಲೆಯ ತಟ್ಟೆಯವರೆಗೂ ಬಂದು ಮುಟ್ಟಿದೆ.

ಮೊಟ್ಟೆ ಸುಲಿಯುವ ಮಗುವಿಗೆ ಇದ್ಯಾವುದೂ ಗೊತ್ತಿರಬೇಕಾಗಿಲ್ಲ. ಆದರೆ ಪಾಲಕರಿಗೆ, ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸದಸ್ಯರಿಗೆ, ಪಂಚಾಯಿತಿಯವರಿಗೆ ಒಂದು ವ್ಯತ್ಯಾಸ ತಿಳಿದಿರುವುದು ಒಳ್ಳೆಯದು. ಈ ಮೊಟ್ಟೆ ಬಂದದ್ದು ಒಬ್ಬ ಉದ್ಯಮಿ ತನ್ನ ಸ್ವಂತ ಆಸ್ತಿಯನ್ನು ಬಿಟ್ಟುಕೊಟ್ಟದ್ದರಿಂದ. ಕೊಡಲೇಬೇಕೆಂದು ಯಾವ ಕಾಯ್ದೆಯೂ ಅವರಿಗೆ ಹೇಳಿರಲಿಲ್ಲ. ಊರಿನ ಶಾಲೆಗೆ ಬೆಂಚು, ಅಂಗನವಾಡಿಗೆ ನೀರಿನ ಟ್ಯಾಂಕು, ಆಸ್ಪತ್ರೆಗೆ ಆಂಬುಲೆನ್ಸ್ ಎಂದು ಕಂಪನಿಗಳ ಹೆಸರಿನ ಫಲಕದೊಂದಿಗೆ ಬರುವ ನೆರವಿನ ಬಹುಪಾಲು ಹಾಗಲ್ಲ. ಅದು ಕಾಯ್ದೆ ವಿಧಿಸಿದ ಲೆಕ್ಕ.

ಆ ಕಾಯ್ದೆ 2013ರ ಕಂಪನಿ ಕಾಯ್ದೆ. ಅದರ 135ನೇ ಸೆಕ್ಷನ್ 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, ಇಲ್ಲವೇ 1,000 ಕೋಟಿ ವಹಿವಾಟು, ಅದೂ ಇಲ್ಲದಿದ್ದರೆ 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಒಂದನ್ನು ಮುಟ್ಟಿದ ಕಂಪನಿ ತನ್ನ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಕನಿಷ್ಠ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಖರ್ಚಾಗದೆ ಉಳಿದರೆ ಬೇರೆ ಖಾತೆಗೋ ಸರ್ಕಾರಿ ನಿಧಿಗೋ ಹಾಕಬೇಕು. ಎಲ್ಲರ ಬಾಯಲ್ಲೂ ಇರುವ ‘ಸಿಎಸ್‌ಆರ್ ಫಂಡ್’ ಇದೇ. 2022–23ರಲ್ಲಿ ದೇಶದ ಕಂಪನಿಗಳೆಲ್ಲ ಸೇರಿ ಹೀಗೆ ಸುಮಾರು 30 ಸಾವಿರ ಕೋಟಿ ರೂಪಾಯಿ ಖರ್ಚು ಮಾಡಿವೆ.

ಇಷ್ಟು ಹಣದಲ್ಲಿ ಉತ್ತರ ಕನ್ನಡದ ಕರಾವಳಿಗೆ ಬರುವುದೆಷ್ಟು? ಉತ್ತರ ಕಾಯ್ದೆಯ ಒಂದು ಸಾಲಿನಲ್ಲೇ ಇದೆ. ಕಂಪನಿ ತಾನಿರುವ ಪ್ರದೇಶಕ್ಕೆ, ಅದರ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕು ಎನ್ನುತ್ತದೆ ಅದು. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಕಂಪನಿಗಳು ಇರುವುದು ಬೆಂಗಳೂರು, ಮುಂಬೈ, ಪುಣೆಗಳಲ್ಲಿ. ಬಹುಪಾಲು ಕಾಡು, ಒಂದಿಷ್ಟು ಗದ್ದೆ, ಉಳಿದದ್ದು ಕಡಲು ಎಂಬಂತಿರುವ ಈ ಜಿಲ್ಲೆಯಲ್ಲಿ ದೊಡ್ಡ ಉದ್ದಿಮೆಗಳನ್ನು ಬೆರಳಲ್ಲಿ ಎಣಿಸಬಹುದು: ದಾಂಡೇಲಿಯ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆ, ಕಾರವಾರದ ಬಗಲಲ್ಲೇ ಇರುವ, ಕೈಯಿಂದ ಕೈಗೆ ದಾಟಿ ಈಗ ಗ್ರಾಸಿಂ ಆಗಿರುವ ಬಿಣಗಾದ ಕಾಸ್ಟಿಕ್ ಸೋಡಾ ಕಾರ್ಖಾನೆ, ಮತ್ತು ಕೈಗಾ. ಲಾಭ ಇರುವಲ್ಲಿಗೆ ನೆರವೂ ಹರಿಯುವುದರಿಂದ, ಎಲ್ಲಕ್ಕಿಂತ ಹೆಚ್ಚು ಕೊರತೆ ಇರುವ ತಾಲೂಕಿಗೆ ಎಲ್ಲಕ್ಕಿಂತ ಕಡಿಮೆ ಬರುವ ವಿಚಿತ್ರ ಈ ಕಾಯ್ದೆಯಲ್ಲಿದೆ.

ಹಾಗಾಗಿ ಕಾರವಾರದ ಮಟ್ಟಿಗೆ ಸಿಎಸ್‌ಆರ್ ಎಂದರೆ ಬಹಳಷ್ಟು ಮಂದಿಗೆ ಮೊದಲು ನೆನಪಾಗುವುದು ಕೈಗಾ ಅಣು ವಿದ್ಯುತ್ ಸ್ಥಾವರ. ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳು. ಮೊದಲೆರಡು 2000ದಲ್ಲಿ, ಕೊನೆಯದು 2011ರಲ್ಲಿ ವಾಣಿಜ್ಯ ಉತ್ಪಾದನೆಗೆ ಬಂದವು. ಒಂದನೇ ಘಟಕವಂತೂ 2018ರ ಡಿಸೆಂಬರ್ 31ರವರೆಗೆ ಸತತ 962 ದಿನ ನಿಲ್ಲದೆ ನಡೆದು ಜಗತ್ತಿನ ದಾಖಲೆಯನ್ನೇ ಮುರಿಯಿತು. ಸ್ಥಾವರ ನಡೆಸುವ ಎನ್‌ಪಿಸಿಐಎಲ್ ಕೇಂದ್ರ ಸರ್ಕಾರದ ಕಂಪನಿ, ಮುಖ್ಯ ಕಚೇರಿ ಮುಂಬೈಯಲ್ಲಿ. ತನ್ನ ಸ್ಥಾವರಗಳ ಸುತ್ತಲಿನ ಹಳ್ಳಿಗಳ ಶಿಕ್ಷಣ, ಆರೋಗ್ಯ, ರಸ್ತೆ-ಕಟ್ಟಡಗಳಿಗೆ ಹಣ ಕೊಡುವುದು ಅದರ ಪದ್ಧತಿ. ಕೊಡುವ ಹಣಕ್ಕೆ ತಕ್ಕ ಹಾಗೆ ಬೇಡಿಕೆಯ ಪಟ್ಟಿಯೂ ಉದ್ದವಾಗುತ್ತದೆ. ಯಾವ ಊರಿಗೆ ಸಮುದಾಯ ಭವನ, ಯಾವ ಶಾಲೆಗೆ ಕೊಠಡಿ ಎಂಬ ಚರ್ಚೆಗೆ ಪಂಚಾಯಿತಿ ರಾಜಕೀಯದ ಬಿಸಿ ತಟ್ಟದೇ ಇರುವುದೂ ಇಲ್ಲ.

ಆದರೆ ಕೈಗಾದವರು ಮಾಡುವ ಒಂದು ಕೆಲಸ ಕಟ್ಟಡ, ಫಲಕಗಳ ಈ ಗದ್ದಲದಿಂದ ದೂರವೇ ಇದೆ. ಕಂಪನಿಯ ಪರಿಸರ ಪಾಲನೆಯ ಕಾರ್ಯಕ್ರಮದಡಿ ಸ್ಥಾವರದ ಸುತ್ತಲ ಕಾಡಿನಲ್ಲಿ ‘ಕೈಗಾ ಬರ್ಡ್ ಮ್ಯಾರಥಾನ್’ ನಡೆಯುತ್ತದೆ. ಓಟದ ಸ್ಪರ್ಧೆಯೆಂದು ತಿಳಿಯಬೇಡಿ. ಹಕ್ಕಿ ಬಲ್ಲವರು ತಂಡ ಕಟ್ಟಿಕೊಂಡು ಬೆಳಗಿನಿಂದ ಕಾಡು ಸುತ್ತಿ, ಕಂಡ ಹಕ್ಕಿಗಳ ಜಾತಿಗಳನ್ನು ಪಟ್ಟಿ ಮಾಡುತ್ತಾರೆ. ಕಾಳಿ ಕಣಿವೆ ಮಂಗಟ್ಟೆಗಳ ನಾಡು. ಒಂದೇ ಕಣಿವೆಯಲ್ಲಿ ಹೀಗೆ ಮತ್ತೆ ಮತ್ತೆ ಕೂಡಿಸಿದ ಪಟ್ಟಿಗೆ ಬೆಲೆಯಿದೆ. ನೌಕರರ ಸ್ವಯಂಸೇವೆ ಎಂದರೆ ಟಿ-ಶರ್ಟ್ ತೊಟ್ಟು ಪೊರಕೆ ಹಿಡಿದು ಸಾಲಾಗಿ ನಿಲ್ಲುವುದು ಎಂದುಕೊಂಡವರಿಗೆ ಇದು ಒಳ್ಳೆಯ ತಿದ್ದುಪಡಿ.

ಈ ಸ್ವಯಂಸೇವೆಯ ಬಗ್ಗೆ ಸರ್ಕಾರದ ನಿಲುವೂ ಸ್ವಾರಸ್ಯವಾಗಿದೆ. ನೌಕರರು ಸಮಾಜದ ಕೆಲಸದಲ್ಲಿ ಕೈಜೋಡಿಸಲಿ, ಕಂಪನಿಗಳು ಅದಕ್ಕೆ ಪ್ರೋತ್ಸಾಹ ಕೊಡಲಿ. ಆದರೆ ಅವರು ಕೊಟ್ಟ ಸಮಯಕ್ಕೆ ಬೆಲೆ ಕಟ್ಟಿ ಅದನ್ನು ಶೇ 2ರ ಖರ್ಚಿನಲ್ಲಿ ಸೇರಿಸುವ ಹಾಗಿಲ್ಲ ಎಂದು ಕಂಪನಿ ವ್ಯವಹಾರಗಳ ಸಚಿವಾಲಯ 2021ರಲ್ಲಿ ಸ್ಪಷ್ಟಪಡಿಸಿತು. ಎಂಜಿನಿಯರೊಬ್ಬರು ಶನಿವಾರ ಶಾಲೆಗೆ ಬಂದು ಮಕ್ಕಳಿಗೆ ಗಣಿತ ಹೇಳಿಕೊಟ್ಟರೆ ಕಂಪನಿಯ ಲೆಕ್ಕದ ಪುಸ್ತಕದಲ್ಲಿ ಅದಕ್ಕೆ ಬೆಲೆ ಸೊನ್ನೆ. ಇದು ಸರಿಯಾಗಿಯೇ ಇದೆ. ಸಮಯಕ್ಕೂ ದರಪಟ್ಟಿ ಇದ್ದಿದ್ದರೆ, ಕಡಲತೀರದಲ್ಲಿ ಎರಡು ತಾಸು ಪ್ಲಾಸ್ಟಿಕ್ ಹೆಕ್ಕಿದ್ದಕ್ಕೆ ಮ್ಯಾನೇಜರುಗಳ ಸಂಬಳದ ಪ್ರಮಾಣದಲ್ಲಿ ಬಿಲ್ಲು ಬರುತ್ತಿತ್ತು!

ಕಡಲತೀರ ಗುಡಿಸುವುದೇನೂ ಕೀಳು ಕೆಲಸವಲ್ಲ. ಕಾರವಾರದ ಟ್ಯಾಗೋರ್ ತೀರದಲ್ಲಿ ಸೆಪ್ಟೆಂಬರ್‌ನ ಮೂರನೇ ಶನಿವಾರ, ಅಂದರೆ ಅಂತರರಾಷ್ಟ್ರೀಯ ಕರಾವಳಿ ಸ್ವಚ್ಛತಾ ದಿನದ ಸುಮಾರಿಗೆ, ಕೈಗವಸು ತೊಟ್ಟವರ ಸಂಖ್ಯೆ ಏರುತ್ತದೆ. ಮಳೆಗಾಲದ ಕಡಲು ಮರುದಿನವೇ ಮತ್ತೊಂದು ರಾಶಿ ತಂದು ಹಾಕುತ್ತದೆ. ಅದಕ್ಕೇ ಇದೇ ಊರಿನ ‘ಪಹರೆ ವೇದಿಕೆ’ಯ ಕೆಲಸ ಎದ್ದು ಕಾಣುತ್ತದೆ. ಅವರದು ಕಂಪನಿಯಲ್ಲ, ಊರಿನವರೇ ಕಟ್ಟಿಕೊಂಡ ಬಳಗ. ವರ್ಷಗಟ್ಟಲೆಯಿಂದ ವಾರಕ್ಕೊಮ್ಮೆ ಬೆಳಿಗ್ಗೆ ಹೊರಟು ಊರಿನ ಒಂದೊಂದು ಜಾಗ ಸ್ವಚ್ಛ ಮಾಡುತ್ತಾರೆ. ಕಂಪನಿಯ ತಂಡವೊಂದು ಸ್ವತಂತ್ರವಾಗಿ ಬ್ಯಾನರ್ ಕಟ್ಟುವುದಕ್ಕಿಂತ, ಇಂಥವರ ಜೊತೆ ಸೇರಿಕೊಂಡರೆ ಊರಿಗೆ ಹೆಚ್ಚು ಲಾಭ.

ಗಿಡ ನೆಡುವುದಂತೂ ಕಂಪನಿಗಳಿಗೆ ಬಲು ಪ್ರೀತಿ. ಜೂನ್ ಬಂತೆಂದರೆ ಗುಂಡಿ, ಗಿಡ, ಫೋಟೋ. ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಇದನ್ನೇ ಬದುಕಿಡೀ ಮಾಡಿದವರು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ದಿನಗೂಲಿಯಾಗಿ ದುಡಿದು, ಆಮೇಲೆ ಕಾಯಂ ಆಗಿ, ನಿವೃತ್ತರಾದ ಮೇಲೂ ಸಸಿಗಳ ಸಂಗ ಬಿಡದ ಹಾಲಕ್ಕಿ ಸಮುದಾಯದ ಅಜ್ಜಿ. ಪದ್ಮಶ್ರೀ ಬಂದಾಗ ರಾಷ್ಟ್ರಪತಿ ಭವನಕ್ಕೆ ಬರಿಗಾಲಲ್ಲೇ ಹೋದರು. 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅವರ ಹೆಚ್ಚುಗಾರಿಕೆ ಎಷ್ಟು ಗಿಡ ನೆಟ್ಟರು ಎಂಬ ಲೆಕ್ಕದಲ್ಲಿ ಮುಗಿಯುವುದಿಲ್ಲ. ಕಾಡಿನಲ್ಲಿ ತಾಯಿಮರವನ್ನು ಗುರುತಿಸಿ, ತಕ್ಕ ಹೊತ್ತಿಗೆ ಬೀಜ ಆರಿಸಿ, ಅದನ್ನು ಮೊಳೆಯಿಸುವ ತಿಳಿವಳಿಕೆ ಅವರದಾಗಿತ್ತು. ಅಂಥ ತಿಳಿವಳಿಕೆ ಇರುವ ಕೂಲಿ ಹೆಂಗಸರು ಈ ಸೀಮೆಯ ನರ್ಸರಿಗಳಲ್ಲಿ ಇಂದಿಗೂ ಇದ್ದಾರೆ. ಸಾವಿರ ಗಿಡ ನೆಡಲು ಹಣ ಕೊಡುವ ಕಂಪನಿ, ನೆಟ್ಟ ಗಿಡಕ್ಕೆ ಎರಡು ಬೇಸಿಗೆ ನೀರುಣಿಸುವ ಕೂಲಿಯನ್ನೂ ಕೊಟ್ಟರೆ ಮಾತ್ರ ಅದು ಮರವಾದೀತು.

ಹಣಕ್ಕಿಂತ ಪರಿಣತಿಯೇ ಬೇಕಾಗುವ ಹೊತ್ತೂ ಉಂಟು. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ರಸ್ತೆ ಬದಿಯ ಚಹಾ ಅಂಗಡಿಯ ಕುಟುಂಬ, ಅಲ್ಲಿ ಲಾರಿ ನಿಲ್ಲಿಸಿದ್ದವರು ಮಣ್ಣಿನೊಂದಿಗೆ ಗಂಗಾವಳಿಗೆ ಸೇರಿದರು. ನದಿ ಉಕ್ಕಿ ಎದುರು ದಡದ ಉಳುವರೆಯ ಮನೆಗಳೂ ಕೊಚ್ಚಿಹೋದವು. ನೌಕಾಪಡೆಯ ಮುಳುಗುಗಾರರೇ ಹಿಂಜರಿಯುವಷ್ಟು ರಭಸವಾಗಿದ್ದ ನೀರಿಗೆ ಮಲ್ಪೆಯಿಂದ ಬಂದ ಈಶ್ವರ ಮಲ್ಪೆ ಮತ್ತು ಜೊತೆಗಾರರು ಇಳಿದರು. ಕೇರಳದ ಚಾಲಕನ ಲಾರಿ ನದಿಯ ತಳದಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ, ಗೋವಾದಿಂದ ಡ್ರೆಜರ್ ತರಿಸಿದ ಮೇಲೆ. ಆ ಎರಡು ತಿಂಗಳಲ್ಲಿ ದಡದಲ್ಲಿ ಬೇಕಾಗಿದ್ದದ್ದು ಈಜು ಬಲ್ಲವರು, ಯಂತ್ರ ಬಲ್ಲವರು, ಹರಿವನ್ನು ಓದಬಲ್ಲವರು. ಕಂಪನಿಗಳ ಬಳಿ ಇಂಥ ಪರಿಣತರೂ ಇದ್ದಾರೆ, ಯಂತ್ರಗಳೂ ಇವೆ. ಮಳೆಗಾಲಕ್ಕೆ ಮೊದಲೇ ಜಿಲ್ಲಾಡಳಿತದ ಬಳಿ ಅವರ ಪಟ್ಟಿ ಇದ್ದರೆ, ಕಂಬಳಿ-ಬಿಸ್ಕತ್ತು ಹಂಚುವುದಕ್ಕಿಂತ ದೊಡ್ಡ ಸೇವೆಯಾದೀತು. 2019ರ ಆಗಸ್ಟ್‌ನಲ್ಲಿ ಕಾಳಿ, ಗಂಗಾವಳಿ ಎರಡೂ ಉಕ್ಕಿದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಮಾತು ತುಸು ಕಹಿ. ಈ ಕರಾವಳಿಯಲ್ಲಿ ಯೋಜನೆ ಎಂಬ ಪದ ಕಿವಿಗೆ ಬಿದ್ದರೆ ಜನ ಮೊದಲು ನೆನೆಯುವುದು ಬಿಟ್ಟುಬಂದ ಮನೆಯನ್ನು. ಕದ್ರಾ ಅಣೆಕಟ್ಟು, ಕೈಗಾ, ಸೀಬರ್ಡ್ ನೌಕಾನೆಲೆ ಒಂದಾದ ಮೇಲೊಂದು ಬಂದವು. ‘ಸೀಬರ್ಡ್ ನಿರಾಶ್ರಿತರು’ ಪರಿಹಾರಕ್ಕಾಗಿ ದಶಕಗಳ ಕಾಲ ಕೋರ್ಟು ಅಲೆದರು. ಅಂಕೋಲೆಯ ಕೇಣಿಯಲ್ಲಿ 4,119 ಕೋಟಿ ರೂಪಾಯಿಯ ಬಂದರು ಕಟ್ಟುವ ಗುತ್ತಿಗೆ 2023ರಲ್ಲಿ ಜೆಎಸ್‌ಡಬ್ಲ್ಯು ಇನ್‌ಫ್ರಾಸ್ಟ್ರಕ್ಚರ್‌ಗೆ ಸಿಕ್ಕಿದೆ. 2025ರಲ್ಲಿ ಮೀನುಗಾರರು ಅದರ ವಿರುದ್ಧ ಬೀದಿಗಿಳಿದರು. ಬಂದರು ಬೇಕೋ ಬೇಡವೋ ಎಂಬುದು ಬೇರೆಯದೇ ಚರ್ಚೆ. ಇಲ್ಲಿ ನೆನಪಿಡಬೇಕಾದದ್ದು ಒಂದು ನಿಯಮ: ಬೇರೆ ಕಾನೂನಿನ ಪ್ರಕಾರ ಮಾಡಲೇಬೇಕಾದ ಕೆಲಸವನ್ನು ಯಾವ ಕಂಪನಿಯೂ ಸಿಎಸ್‌ಆರ್ ಎಂದು ತೋರಿಸುವಂತಿಲ್ಲ. ಕಾನೂನು ಕಡ್ಡಾಯ ಮಾಡಿದ ಪುನರ್ವಸತಿಯೂ ಮಾಲಿನ್ಯ ನಿಯಂತ್ರಣವೂ ಕೊಡುಗೆ ಆಗುವುದಿಲ್ಲ. ಅವು ಸಲ್ಲಬೇಕಾದ ಬಾಕಿ. ಹಂಚಿದ ನೋಟ್‌ಬುಕ್ಕಿಗೆ ಧನ್ಯವಾದ ಹೇಳುತ್ತಲೇ ಈ ಬಾಕಿ ಕೇಳುವುದರಲ್ಲಿ ಸಂಕೋಚ ಪಡಬೇಕಾಗಿಲ್ಲ.

ಕಾಯ್ದೆ ಬರುವುದಕ್ಕೆ 60 ವರ್ಷ ಮೊದಲೇ ಅಂಕೋಲೆ ಇನ್ನೊಂದು ಬಗೆಯ ಕೊಡುಗೆಯನ್ನು ಕಂಡಿತ್ತು. ಚುಟುಕುಗಳಿಂದ ಕನ್ನಡಿಗರಿಗೆಲ್ಲ ಪರಿಚಿತರಾದ ದಿನಕರ ದೇಸಾಯಿ ಗೋಖಲೆಯವರು ಸ್ಥಾಪಿಸಿದ ಭಾರತ ಸೇವಕ ಸಮಾಜದಲ್ಲಿದ್ದು, ಮುಂಬೈಯಲ್ಲಿ ಹಡಗಿನ ಕಾರ್ಮಿಕರ ಸಂಘಟನೆಯಲ್ಲಿ ದುಡಿದವರು. ಊರಿನ ಗೇಣಿದಾರರ ಪರ ನಿಂತದ್ದಕ್ಕೆ ಬ್ರಿಟಿಷ್ ಸರ್ಕಾರ ಅವರನ್ನು ಜಿಲ್ಲೆಯಿಂದಲೇ ಗಡಿಪಾರು ಮಾಡಿತ್ತು. ಅವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಜಿಲ್ಲೆಯ ಹಳ್ಳಿ-ಪೇಟೆಗಳಲ್ಲಿ ಹೈಸ್ಕೂಲುಗಳನ್ನು ತೆರೆದರು. ಗೋಖಲೆಯವರ ಜನ್ಮಶತಾಬ್ದಿಯ ವರ್ಷ, 1966ರಲ್ಲಿ, ಅಂಕೋಲೆಗೆ ಗೋಖಲೆ ಸೆಂಟಿನರಿ ಕಾಲೇಜು ಬಂತು. ಗೇಣಿದಾರರ ಮಕ್ಕಳು, ಹಾಲಕ್ಕಿಗಳ ಮಕ್ಕಳು ಕಾಲೇಜಿನ ಮೆಟ್ಟಿಲೇರಲು ಆ ಟ್ರಸ್ಟ್ ದಾರಿಯಾಯಿತು. ದೇಸಾಯಿ 1982ರಲ್ಲಿ ತೀರಿಕೊಂಡರು, ಶಾಲೆಗಳು ನಡೆಯುತ್ತಿವೆ.

ಇಂದಿನ ಸಿಎಸ್‌ಆರ್ ನಿಯಮದಲ್ಲಿ ‘ಮುಂದುವರಿಯುವ ಯೋಜನೆ’ ಎಂದರೆ ಆರಂಭದ ವರ್ಷ ಬಿಟ್ಟು ಹೆಚ್ಚೆಂದರೆ ಮೂರು ವರ್ಷ. ಕೊಠಡಿ ಕಟ್ಟಲು ಅಷ್ಟು ಸಾಕು. ಶಾಲೆ ಕಟ್ಟಲು ಸಾಲದು. ಕಂಪ್ಯೂಟರ್ ಬಂದು, ಕಲಿಸುವವರು ಬಾರದೆ, ಬೀಗ ಬಿದ್ದ ಕೋಣೆಗಳನ್ನು ಯಾವ ತಾಲೂಕಿನಲ್ಲಾದರೂ ನೋಡಬಹುದು. ಇದನ್ನು ತಪ್ಪಿಸುವ ಉಪಾಯ ದುಬಾರಿಯದೇನಲ್ಲ: ಹಣ ಬರುವ ಮೊದಲೇ ಊರಿನವರು, ಶಿಕ್ಷಕರು, ಕಂಪನಿಯವರು ಕೂತು ನಾಲ್ಕನೇ ವರ್ಷ ಇದನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಬರೆದಿಡುವುದು.

ಕೇಳಲು ದಾರಿಯೂ ಇದೆ. ಸಿಎಸ್‌ಆರ್ ಕಾಯ್ದೆಗೆ ಒಳಪಟ್ಟ ಕಂಪನಿ ತನ್ನ ನೀತಿಯನ್ನು, ಒಪ್ಪಿಗೆ ಪಡೆದ ಯೋಜನೆಗಳನ್ನು ತನ್ನ ಜಾಲತಾಣದಲ್ಲಿ ಪ್ರಕಟಿಸಲೇಬೇಕು. ಕೇಂದ್ರ ಸರ್ಕಾರದ ಸಿಎಸ್‌ಆರ್ ತಾಣದಲ್ಲೂ ಕಂಪನಿಗಳ ಖರ್ಚಿನ ವಿವರ ಸಿಗುತ್ತದೆ. ಕಾಲೇಜು ಓದುವ ಮಗನೋ ಮಗಳೋ ಅರ್ಧ ತಾಸು ಕೂತರೆ ಮೊಬೈಲಿನಲ್ಲೇ ತೆಗೆದುಕೊಡಬಹುದು. ಕಾರವಾರ, ಅಂಕೋಲಾ ತಾಲೂಕುಗಳ ಗ್ರಾಮಸಭೆಗಳು ಮುಂದಿನ ಬಾರಿ ಸೇರುವಾಗ ತಮ್ಮ ಸೀಮೆಯ ಉದ್ದಿಮೆಗಳ ಆ ಪುಟಗಳನ್ನು ಮುದ್ರಿಸಿ ತಂದು, ಎಲ್ಲರೆದುರು ಒಮ್ಮೆ ಗಟ್ಟಿಯಾಗಿ ಓದಿಸಲಿ.