ದಂಡು ಕಟ್ಟಿದಾಗ ಬದಲಾಗುವ ಮಿಡತೆ

ಗಿಡ್ಡ ಮೀಸೆಯ ಮಿಡತೆಗಳ ಕುಟುಂಬಕ್ಕೆ ಜೀವಶಾಸ್ತ್ರಜ್ಞರು ಅಕ್ರಿಡಿಡೇ ಎನ್ನುತ್ತಾರೆ. ಇದರಲ್ಲಿ 6,000ಕ್ಕೂ ಹೆಚ್ಚು ಪ್ರಭೇದಗಳಿವೆ. ಮೈಗಿಂತ ಗಿಡ್ಡವಾದ ಕುಡಿಮೀಸೆ, ನೆಗೆಯಲೆಂದೇ ದಪ್ಪಗಾದ ಹಿಂಗಾಲು ಇವುಗಳ ಗುರುತು. ಕಿವಿ ಇರುವುದು ತಲೆಯಲ್ಲಲ್ಲ, ಹೊಟ್ಟೆಯ ಮೊದಲ ಖಂಡದ ಪಕ್ಕಗಳಲ್ಲಿ. ಬಹುಪಾಲು ಮಿಡತೆಗಳು ಹುಲ್ಲು ಮೇಯ್ದುಕೊಂಡು ಯಾರ ಕಣ್ಣಿಗೂ ಬೀಳದೆ ಬದುಕುತ್ತವೆ. ದಂಡು ಕಟ್ಟಿ ಪೈರನ್ನು ಬೋಳಿಸುವ ಪ್ರಭೇದಗಳು 20ರ ಆಸುಪಾಸು, ಅಷ್ಟೆ.

ದಂಡುಮಿಡತೆ ಹುಟ್ಟಿನಿಂದಲೇ ಬೇರೆ ಜಾತಿಯದೇನಲ್ಲ. ಒಂಟಿ ಮಿಡತೆ ಮತ್ತು ದಂಡಿನ ಮಿಡತೆ ಒಂದೇ ಪ್ರಭೇದದ ಎರಡು ಅವಸ್ಥೆಗಳೆಂದು 1921ರಲ್ಲಿ ಕೀಟಶಾಸ್ತ್ರಜ್ಞ ಬೋರಿಸ್ ಉವಾರೋವ್ ತೋರಿಸಿದರು. ಅಲ್ಲಿಯವರೆಗೆ ಅವನ್ನು ಎರಡು ಪ್ರಭೇದಗಳೆಂದೇ ಎಣಿಸಲಾಗಿತ್ತು. ಬಣ್ಣ, ಮೈಕಟ್ಟು, ನಡತೆ ಎಲ್ಲವೂ ಅಷ್ಟು ಬೇರೆ. ಮರುಭೂಮಿ ಮಿಡತೆ ಒಂಟಿಯಾಗಿದ್ದಾಗ ಜೊತೆಯವರಿಂದ ದೂರ ಸರಿಯುತ್ತದೆ, ರಾತ್ರಿ ಹಾರುತ್ತದೆ. ಮೇವು ಕಡಿಮೆಯಾಗಿ ಉಳಿದ ಹಸಿರಿನ ಮೇಲೆ ಎಲ್ಲವೂ ಒತ್ತೊತ್ತಾಗಿ ಕೂತಾಗ ಒಂದರ ಹಿಂಗಾಲಿಗೆ ಇನ್ನೊಂದು ತಾಗುತ್ತಲೇ ಇರುತ್ತದೆ. ಕೆಲವು ಗಂಟೆಗಳ ಈ ತಾಗಾಟದಿಂದ ಮೈಯೊಳಗೆ ಸೆರೊಟೊನಿನ್ ಹೆಚ್ಚಿ, ದೂರ ಸರಿಯುತ್ತಿದ್ದ ಕೀಟವೇ ಗುಂಪನ್ನು ಹುಡುಕಿಕೊಂಡು ಹೋಗುತ್ತದೆ. ಮನುಷ್ಯರ ಮನಸ್ಸಿನ ಏರಿಳಿತದ ಮಾತು ಬಂದಾಗ ಕೇಳುವ ಸೆರೊಟೊನಿನ್ ಇದೇ!

ದಂಡು ಕಟ್ಟಲು ಮಳೆಯೂ ಕೂಡಿಬರಬೇಕು. ಹೆಣ್ಣು ಒದ್ದೆ ಮರಳಿನಲ್ಲಿ ಮೊಟ್ಟೆಯಿಡುತ್ತದೆ. 2018ರಲ್ಲಿ ಮೆಕುನು, ಲುಬಾನ್ ಎಂಬ ಎರಡು ಚಂಡಮಾರುತಗಳು ಅರೇಬಿಯದ ನಿರ್ಜನ ಮರಳುಗಾಡನ್ನು ತೋಯಿಸಿದವು. ನೋಡುವವರಿಲ್ಲದ ಆ ಜಾಗದಲ್ಲಿ ತಲೆಮಾರಿನ ಮೇಲೆ ತಲೆಮಾರು ಬೆಳೆದು ಯೆಮನ್, ಸೊಮಾಲಿಯ, ಇಥಿಯೋಪಿಯ, ಕೀನ್ಯಾಗಳಿಗೆ ಹಬ್ಬಿತು. 2020ರ ಮೇ ತಿಂಗಳಲ್ಲಿ ದಂಡುಗಳು ಜೈಪುರ ನಗರದ ಮೇಲೆಯೇ ಹಾರಿದವು. ಸುಮಾರು 2 ಗ್ರಾಂ ತೂಗುವ ಈ ಕೀಟ ದಿನಕ್ಕೆ ತನ್ನ ತೂಕದಷ್ಟೇ ತಿನ್ನುತ್ತದೆ. ಒಂದು ಚದರ ಕಿಲೋಮೀಟರಿನ ದಂಡಿನಲ್ಲಿ 4 ಕೋಟಿ ಮಿಡತೆಗಳಿದ್ದರೆ, ಅದರ ಒಂದು ದಿನದ ಮೇವು 35,000 ಜನರ ಊಟಕ್ಕೆ ಸಮ.

ತಮಟೆ, ತಟ್ಟೆ ಬಾರಿಸಿದರೆ ದಂಡು ಪಕ್ಕದ ಹೊಲಕ್ಕೆ ಹೋಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ರೆಕ್ಕೆ ಮೂಡದ ಮರಿಗಳು ನೆಲದ ಮೇಲೆ ಸಾಲುಗಟ್ಟಿ ನಡೆಯುವಾಗಲೇ ಔಷಧಿ ಸಿಂಪಡಿಸುವುದು ಸುಲಭ. ದಂಡುಗಳ ಮೇಲಿನ ಕಾವಲಿಗೆಂದೇ ಭಾರತದಲ್ಲಿ 1939ರಿಂದ ಮಿಡತೆ ಎಚ್ಚರಿಕೆ ಸಂಸ್ಥೆ ಇದೆ.

ಕರ್ನಾಟಕದ ಭತ್ತದ ಗದ್ದೆಯಲ್ಲಿ ಕಾಣುವ ಹೈರೋಗ್ಲಿಫಸ್ ಮಿಡತೆಯೂ ಇದೇ ಕುಟುಂಬದ್ದು. ಅದು ಮೊಟ್ಟೆಯಿಡುವುದು ಬದುವಿನ ಮಣ್ಣಿನಲ್ಲಿ. ಬೆಳೆ ಕೊಯ್ದ ಮೇಲೆ ಬದು ಕೆತ್ತಿ ಹಾಕಿದರೆ ಮೊಟ್ಟೆಗಳು ಮೇಲೆ ಬಂದು ಬಿಸಿಲಿಗೆ ಒಣಗುತ್ತವೆ, ಉಳಿದವನ್ನು ಹಕ್ಕಿಗಳು ಹೆಕ್ಕುತ್ತವೆ.