ಪೇಟಿಯ ಜಾಗದಲ್ಲಿ ಕೂತ ಕೀಬೋರ್ಡ್

ಆನೆಗೊಂದಿ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಜಾತ್ರೆಯೆಂದರೆ ನಾಟಕವೂ ಸೇರಿದಂತೆಯೇ. ಆ ರಂಗದ ಪಕ್ಕದಲ್ಲಿ ಪೇಟಿ (ಹಾರ್ಮೋನಿಯಂ) ಮಾಸ್ತರರು ಕೂರುತ್ತಿದ್ದ ಜಾಗಕ್ಕೆ ಈಗ ಕೀಬೋರ್ಡ್ ಬಂದಿದೆ. ಅದು ಯಾವ ಕಂಪನಿಯದಾದರೂ ಜನರ ಬಾಯಲ್ಲಿ ಕ್ಯಾಸಿಯೋ. ಇದು ಬಂದ ಮೇಲೆ ರಂಗಸಂಗೀತದ ಸೊಗಸು ಹೋಯಿತೆಂದು ಕೊರಗುವವರಿದ್ದಾರೆ. ಅವರ ಕೊರಗು ನಿಜ, ಆದರೆ ದೋಷ ಹೊರಬೇಕಾದದ್ದು ವಾದ್ಯವೇ ಎಂದು ನನಗೆ ತೋರುವುದಿಲ್ಲ. ಕಾರ್ಖಾನೆ ತುಂಬಿ ಕಳಿಸಿದ ಟೋನುಗಳನ್ನು ಒಂದಿಷ್ಟೂ ತಿದ್ದದೆ ನುಡಿಸುವ ರೂಢಿಯಲ್ಲಿ ದೋಷವಿದೆ. ಕೀಬೋರ್ಡ್ ನುಡಿಸುವುದು ಅರ್ಧ ವಿದ್ಯೆ; ನಾದ ಕಟ್ಟುವುದು ಉಳಿದರ್ಧ. ಆ ಅರ್ಧವನ್ನು ನಮ್ಮಲ್ಲಿ ಯಾರೂ ಕಲಿಸುತ್ತಿಲ್ಲವೆಂಬಷ್ಟು ಕಡಿಮೆ ಕಲಿಸುತ್ತಾರೆ.

ಸಿಂಥಸೈಜರ್ ಹುಟ್ಟಿದ್ದೇ ನಾದ ಕಟ್ಟಲು. 1970ರ ಮಿನಿಮೂಗ್‌ನಲ್ಲಿ ಸಿದ್ಧ ಟೋನುಗಳೇ ಇರಲಿಲ್ಲ. ಅಲೆಯ ಆಕಾರ ಯಾವುದು, ಫಿಲ್ಟರ್‌ನಿಂದ ಅದರ ಚೂಪು ಎಷ್ಟು ಇಳಿಸಬೇಕು, ನಾದ ಎಷ್ಟು ಬೇಗ ಏಳಬೇಕು, ಬೆರಳು ತೆಗೆದ ಮೇಲೆ ಎಷ್ಟು ಹೊತ್ತು ಉಳಿಯಬೇಕು ಎಂಬುದನ್ನೆಲ್ಲ ನುಡಿಸುವವನೇ ಗುಂಡಿ ತಿರುಗಿಸಿ ಗೊತ್ತುಮಾಡಬೇಕಿತ್ತು. 1983ರಲ್ಲಿ ಯಮಾಹಾ ಡಿಎಕ್ಸ್7 ಬಂತು. ಸ್ಟಾನ್‌ಫರ್ಡಿನ ಜಾನ್ ಚೌನಿಂಗ್ ಕಂಡುಕೊಂಡಿದ್ದ ಎಫ್‌ಎಂ ವಿಧಾನದ ವಾದ್ಯವದು; ಅಲೆ ಹುಟ್ಟಿಸುವ 6 ಆಪರೇಟರುಗಳು, ಅವನ್ನು ಹೆಣೆಯಲು 32 ಬಗೆ. ಪುಟ್ಟ ಪರದೆಯಲ್ಲಿ ಒಂದೊಂದೇ ಅಂಕಿ ತಿದ್ದುವ ತ್ರಾಸು ಬೇಡವೆಂದು ಹೆಚ್ಚಿನವರು ಸಿದ್ಧ ಟೋನುಗಳಿಗೇ ಒಗ್ಗಿಕೊಂಡರು. ನಮ್ಮ ರಂಗಕ್ಕೆ ಬಂದದ್ದೂ ಅದೇ ರೂಢಿ.

ಸನಾದಿಯ ಟೋನನ್ನೇ ನೋಡೋಣ. ಸನಾದಿಯ ಕೊಳವೆ ತುದಿಯ ಕಡೆಗೆ ಅಗಲವಾಗುತ್ತ ಹೋಗುತ್ತದೆ. ಹಾಗಾಗಿ ಮೂಲ ಕಂಪನದ ಎರಡು, ಮೂರು, ನಾಲ್ಕು ಪಟ್ಟಿನ ಕಂಪನಗಳೆಲ್ಲ ಅದರ ನಾದದಲ್ಲಿ ಸೇರಿರುತ್ತವೆ. ಗರಗಸದ ಹಲ್ಲಿನಂಥ ಅಲೆಯಿಂದ ಶುರುಮಾಡಿದರೆ ಅದರ ಹತ್ತಿರ ಹೋಗಬಹುದು. ಕ್ಲಾರಿಯೊನೆಟ್‌ನ ಕೊಳವೆ ಬಹುಮಟ್ಟಿಗೆ ಒಂದೇ ಅಗಲದ್ದು, ಅದರ ಕೆಳಸ್ಥಾಯಿಯಲ್ಲಿ ಬೆಸ ಸಂಖ್ಯೆಯ ಪಟ್ಟುಗಳೇ ಜೋರು. ಅದಕ್ಕೆ ಚೌಕದ ಅಲೆ ಬೇಕು. ಆಮೇಲೆ ನಡುಕ. ಕೀಲಿ ಒತ್ತಿದ ಕ್ಷಣದಿಂದಲೇ ಒಂದೇ ವೇಗದಲ್ಲಿ ನಡುಗುವ ಟೋನು ಕೇಳಿದೊಡನೆ ಯಂತ್ರವೆಂದು ಗೊತ್ತಾಗುತ್ತದೆ. ಊದುವವನು ಸ್ವರವನ್ನು ಮೊದಲು ನೇರವಾಗಿ ಹಿಡಿದು ಆಮೇಲೆ ಅಲುಗಿಸುತ್ತಾನೆ; ನಡುಕ ತುಸು ತಡವಾಗಿ ಬರುವಂತೆ ಮಾಡಿದರೆ ಅರ್ಧ ಕೆಲಸ ಆಯಿತು. ಒಮ್ಮೆಗೆ ಒಂದೇ ಸ್ವರ ಹೊರಡುವಂತೆ ಮೋನೊಗೆ ಹಾಕಿ ಪೋರ್ಟಮೆಂಟೊ ಕೊಟ್ಟರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಕೈಗೆ ಬರುತ್ತದೆ. ಕೊನೆಯದು ಶ್ರುತಿ. ತಂಬೂರಿಯೊಡನೆ ಕೂಡುವ ಶುದ್ಧ ಗಾಂಧಾರಕ್ಕಿಂತ ಕೀಬೋರ್ಡಿನ ಗಾಂಧಾರ ಸುಮಾರು 14 ಸೆಂಟ್ ಏರು. ಸೆಂಟ್ ಎಂದರೆ ಅರ್ಧಸ್ವರದ ನೂರನೇ ಪಾಲು. ಸ್ಕೇಲ್ ಟ್ಯೂನಿಂಗ್ ಇರುವ ವಾದ್ಯದಲ್ಲಿ ಅದನ್ನು ಅಷ್ಟೇ ಇಳಿಸಬಹುದು.

ಕೀಲಿಯ ವಾದ್ಯಕ್ಕೆ ನಮ್ಮ ಸಂಗೀತ ಒಗ್ಗದು ಎಂಬ ಆಕ್ಷೇಪ ಹಳೆಯದು. ಸ್ವರಗಳು ಕದಲುವುದಿಲ್ಲ, ಮೀಂಡ್ ಬಾರದು ಎಂದೇ ಆಲ್ ಇಂಡಿಯಾ ರೇಡಿಯೋ 1940ರಲ್ಲಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತು. 1971ರಲ್ಲಿ ನಿಷೇಧ ಸಡಿಲವಾಯಿತು. ಅಷ್ಟರಲ್ಲಿ ನಾಟಕ ಕಂಪನಿಗಳು ಪೇಟಿಯನ್ನು ತಮ್ಮದಾಗಿಸಿಕೊಂಡಿದ್ದವು, ಬೆಳಗಾವಿಯ ರಾಂಭಾವು ಬಿಜಾಪುರೆ ಅದರಲ್ಲಿ ಏನು ಸಾಧ್ಯವೆಂದು ತೋರಿಸಿದ್ದರು. ಪೇಟಿ ರಿಪೇರಿಯವರು ಹಿತ್ತಾಳೆಯ ರೀಡನ್ನು ತುದಿಯಲ್ಲಿ ಕೆರೆದು ಸ್ವರ ಏರಿಸುತ್ತಾರೆ, ಬುಡದಲ್ಲಿ ಕೆರೆದು ಇಳಿಸುತ್ತಾರೆ. ಅದೂ ನಾದ ತಿದ್ದುವ ಕೆಲಸವೇ. ಆದರೆ ಕರಿ ಒಂದರ ಶ್ರುತಿಗೆ ಹೊಂದಿಸಿದ ಗಾಂಧಾರ ಬಿಳಿ ಐದರಲ್ಲಿ ಹಾಡುವವರಿಗೆ ಹೊಂದದು, ಕೆರೆದ ರೀಡು ಮೊದಲಿನಂತಾಗದು. ಕೀಬೋರ್ಡಿನಲ್ಲಾದರೆ ಹಾಡುವವರು ಬದಲಾದಂತೆ ಅಂಕಿ ಬದಲಿಸಿದರಾಯಿತು. ಕಟ್ಟಿದ ನಾದ ಕೃತಕ ಎನ್ನುವವರು ಆನೆಗೊಂದಿಯಿಂದ ಹೊಳೆಯಾಚೆಗಿನ ವಿಠ್ಠಲ ದೇವಾಲಯವನ್ನು ನೆನೆಯಬೇಕು. ಅಲ್ಲಿ ಒಂದೇ ಬಂಡೆಯಲ್ಲಿ ಕಡೆದ ಸಣ್ಣ ಕಂಬಗಳು ಬೇರೆ ಬೇರೆ ನಾದ ಕೊಡುತ್ತವೆ. ಕಲ್ಲು ತಾನಾಗಿ ಹಾಗೆ ಹಾಡಲಿಲ್ಲ, ಉಳಿ ಹಿಡಿದವರು ಹಾಡಿಸಿದರು.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಸನಾದಿಯ ಟೋನು ಚೆನ್ನಾದಷ್ಟೂ ಸನಾದಿಯವರ ಹೊಟ್ಟೆಯ ಮೇಲೆ ಹೊಡೆದಂತೆ. ಇದನ್ನು ಅಲ್ಲಗಳೆಯಲಾಗದು. ಸನಾದಿಯವರು ಸಿಗುವ ಊರಲ್ಲಿ ಅವರನ್ನೇ ಕರೆಸಬೇಕು, ಟೋನು ಬೇಡ. ಆದರೆ ಅವರನ್ನು ಕರೆಯದ ನಾಟಕಗಳು ಈಗಾಗಲೇ ಕಚ್ಚಾ ಟೋನಿನಲ್ಲಿ ನಡೆಯುತ್ತಿವೆ, ಸನಾದಿಯೆಂದರೆ ಇಷ್ಟೇ ಎಂದು ಹುಡುಗರ ಕಿವಿ ನಂಬುತ್ತಿದೆ. ಟೋನು ತಿದ್ದಲು ಕೂತವನಿಗೆ ಸನಾದಿ ನುಡಿಸುವವರ ಮುಂದೆ ಕೂತು ಕೇಳದೆ ಗತಿಯಿಲ್ಲ. ಅಗ್ಗದ ಕೀಬೋರ್ಡಿನಲ್ಲಿ ಇಷ್ಟೆಲ್ಲ ಸಾಧ್ಯವಿಲ್ಲ ಎಂಬುದೂ ದಿಟ. ಆದರೂ ಅದರಲ್ಲಿ ಎರಡು ಟೋನು ಬೆರೆಸಬಹುದು, ರಿವರ್ಬ್ ತಗ್ಗಿಸಬಹುದು, ಪಿಚ್ ಬೆಂಡ್ ಚಕ್ರವಿದ್ದರೆ ಅದರ ವ್ಯಾಪ್ತಿ ಹೊಂದಿಸಬಹುದು. ಅಂಧ ಮಕ್ಕಳಿಗೂ ಬಡ ಮಕ್ಕಳಿಗೂ ಸಂಗೀತ ಕಲಿಸಿ, ತನ್ನದೇ ನಾಟಕ ಕಂಪನಿಯನ್ನೂ ಕಟ್ಟಿದ ಗದುಗಿನ ವೀರೇಶ್ವರ ಪುಣ್ಯಾಶ್ರಮದಂಥ ಕಡೆ ಪೇಟಿಯ ಪಾಠದ ಜೊತೆಗೆ ಇದನ್ನೂ ಕಲಿಸಬಹುದು. ಊರ ನಾಟಕಕ್ಕಾದರೆ ತಾಲೀಮಿನ ಕೊನೆಯ ರಾತ್ರಿ ಹಾಡುವವರ ಶ್ರುತಿ ಕೇಳಿಕೊಂಡು, ಪಾತ್ರಕ್ಕೊಂದರಂತೆ ನಾಲ್ಕೈದು ಟೋನು ತಿದ್ದಿ, ಯೂಸರ್ ಜಾಗದಲ್ಲಿ ಉಳಿಸಿಟ್ಟುಕೊಂಡರೆ ಸಾಕು.