ಮಾತಿನ ಮೇರೆಗಳು

ಮೂಡಿಗೆರೆಯಿಂದ ಕಳಸದ ಕಡೆಗೆ ಸಾಗುವ ದಾರಿಯ ಎರಡು ಮಗ್ಗುಲಲ್ಲಿಯೂ ಕಾಫಿ ತೋಟಗಳು. ಮುಂಗಾರು ಹಿಡಿಯುವ ಮುನ್ನ ಎಲೆತುಕ್ಕು ರೋಗವನ್ನು ತಡೆಯಲು ಅಲ್ಲಿ ಬೋರ್ಡೋ ದ್ರಾವಣವನ್ನು ಸಿಂಪಡಿಸುತ್ತಾರೆ. ಮೈಲುತುತ್ತವನ್ನೂ ಸುಣ್ಣವನ್ನೂ ಬೇರೆ ಬೇರೆ ನೀರಿನಲ್ಲಿ ಕದಡಿ, ಬಳಿಕ ಕೂಡಿಸಿ ಮಾಡುವ ಈ ನೀಲಿ ದ್ರಾವಣಕ್ಕೆ ಎರಡು ಕಟ್ಟುಪಾಡುಗಳುಂಟು. ಮೈಲುತುತ್ತವು ಕಬ್ಬಿಣವನ್ನು ತಿನ್ನುವುದರಿಂದ ಅದನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಕೂಡದು. ಕಲಸಿದ ದ್ರಾವಣವು ಹೊತ್ತು ಕಳೆದಂತೆ ಗುಣಗೆಡುವುದರಿಂದ ಅದನ್ನು ಮರುದಿನಕ್ಕೆ ಉಳಿಸಕೂಡದು.

ಈ ಎರಡು ಮಾತುಗಳನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ ಕೈಪಿಡಿಯೊಂದು ಸಣ್ಣ ಬೆಳೆಗಾರನೊಬ್ಬನ ಮನೆಗೆ ಬಂದಿದೆಯೆಂದು ಇಟ್ಟುಕೊಳ್ಳಬಹುದು. ಅದನ್ನು ಓದಿ ಹೇಳುವ ಭಾರ ಪ್ರೌಢಶಾಲೆಗೆ ಹೋಗುವ ಮಗನದು. ‘ಮಸ್ಟ್’ ಎಂದರೆ ಬೇಕು, ‘ನಾಟ್’ ಎಂದರೆ ಇಲ್ಲ ಎಂದು ಬಾಯಿಪಾಠ ಮಾಡಿದ ಆ ಹುಡುಗನು ‘ಮಸ್ಟ್ ನಾಟ್’ ಎಂಬುದನ್ನು ‘ಬೇಕಾಗಿಲ್ಲ’ ಎಂದು ಕನ್ನಡಿಸಿಬಿಡುತ್ತಾನೆ. “ಅಪ್ಪಾ, ಉಳಿದದ್ದನ್ನು ನಾಳೆಗೆ ಇಡಬೇಕಾಗಿಲ್ಲವಂತೆ.” ತಂದೆ ಇದನ್ನು ಹೇಗೆ ತಿಳಿದಾನು? ಇಡಲೇಬೇಕೆಂಬ ಕಡ್ಡಾಯವೇನೂ ಇಲ್ಲ, ಇಟ್ಟರೆ ಅಡ್ಡಿಯೂ ಇಲ್ಲ ಎಂದೇ ತಿಳಿಯುತ್ತಾನೆ. ಉಳಿದ ದ್ರಾವಣವನ್ನು ಚೆಲ್ಲಲು ಯಾರಿಗೆ ಮನಸ್ಸು ಬಂದೀತು? ಮರುದಿನ ಅದನ್ನೇ ಸಿಂಪಡಿಸುತ್ತಾನೆ. ಆಳಿನ ಕೂಲಿಯೂ ಮೈಲುತುತ್ತದ ಬೆಲೆಯೂ ವ್ಯರ್ಥವಾಗುವುದಲ್ಲದೆ, ಮಳೆಗಾಲದಲ್ಲಿ ಗಿಡದ ಎಲೆಗಳು ತುಕ್ಕು ಹಿಡಿದು ಉದುರುತ್ತವೆ.

ಹುಡುಗನು ಪದಗಳನ್ನು ಅರಿತಿದ್ದನು. ಇಲ್ಲವೆನ್ನುವ ಪದವು ಯಾವುದನ್ನು ಇಲ್ಲವೆನ್ನುತ್ತದೆ ಎಂಬುದನ್ನು ಅರಿತಿರಲಿಲ್ಲ. ‘ಮಸ್ಟ್’ನೊಡನೆ ನಿಂತ ‘ನಾಟ್’ ಅಲ್ಲಗಳೆಯುವುದು ಕೆಲಸವನ್ನೇ ಹೊರತು ಕಡ್ಡಾಯವನ್ನಲ್ಲ. ಕಡ್ಡಾಯವು ಹಾಗೆಯೇ ಉಳಿದು, ‘ಇಡದೆ ಇರುವುದೇ ಕಡ್ಡಾಯ’ ಎಂಬ ಅರ್ಥ ಬರುತ್ತದೆ. ಕಡ್ಡಾಯವನ್ನೇ ತೆಗೆದುಹಾಕಬೇಕಾದಲ್ಲಿ ಇಂಗ್ಲಿಷಿನವರು ‘ನೀಡ್ ನಾಟ್’ ಎನ್ನುತ್ತಾರೆ. ‘ಕ್ಯಾನ್’ ಎಂಬ ಪದದ ನಡೆಯಾದರೋ ಬೇರೆ. ಅಲ್ಲಿ ‘ನಾಟ್’ ಸೇರಿದರೆ ಅಳಿಯುವುದು ಸಾಮರ್ಥ್ಯವೇ. ಕನ್ನಡವು ಈ ತೊಡಕನ್ನು ಬೇರೆ ಬೇರೆ ಪದಗಳಿಂದಲೇ ಬಿಡಿಸಿಕೊಂಡಿದೆ. ತಡೆಯುವುದಕ್ಕೆ ಕೂಡದು, ಬಾರದು. ಬಿಡುಗಡೆ ಮಾಡುವುದಕ್ಕೆ ಬೇಕಾಗಿಲ್ಲ. ಇವೆರಡನ್ನು ಅದಲುಬದಲು ಮಾಡುವ ಕನ್ನಡಿಗರಿಲ್ಲ. ಇಂಗ್ಲಿಷಿನಿಂದ ಪದಕ್ಕೆ ಪದ ಇಟ್ಟು ಅನುವಾದಿಸುವಾಗ ಮಾತ್ರ ಈ ತಪ್ಪು ನುಸುಳುತ್ತದೆ.

ಸಾಮರ್ಥ್ಯವನ್ನು ಹೇಳುವಲ್ಲಿ ಎರಡು ನುಡಿಗಳಿಗೂ ಒಂದು ಸೋಜಿಗದ ಹೋಲಿಕೆಯುಂಟು. ‘ಕ್ಯಾನ್’ ಎಂಬುದಕ್ಕೆ ಹಳೆಯ ಇಂಗ್ಲಿಷಿನಲ್ಲಿ ‘ಅರಿ’ ಎಂಬ ಅರ್ಥವಿತ್ತು. ಕನ್ನಡದ ‘ಬಲ್ಲೆನು’ ಎಂಬುದಕ್ಕೆ ಇಂದಿಗೂ ‘ಅರಿತಿದ್ದೇನೆ’ ಎಂಬ ಅರ್ಥವಿದೆ. ಅರಿತವನೇ ಮಾಡಬಲ್ಲವನೆಂಬ ಭಾವನೆ ಸಾವಿರಾರು ಮೈಲಿಗಳ ಅಂತರದ ಎರಡು ಜನಾಂಗಗಳಿಗೆ ಬೇರೆ ಬೇರೆಯಾಗಿಯೇ ಹೊಳೆದಿದೆ. ಆದರೆ ಇಂಗ್ಲಿಷಿನ ‘ಕ್ಯಾನ್’, ‘ಮೇ’, ‘ಮಸ್ಟ್’ ಮೂರೂ ಮಾಡುವವನು ಯಾರೇ ಆಗಿರಲಿ ರೂಪ ಬದಲಿಸುವುದಿಲ್ಲ. ಕನ್ನಡದಲ್ಲಿ ಹಾಗಲ್ಲ. ಮಾಡಬಲ್ಲೆನು, ಮಾಡಬಲ್ಲಳು, ಮಾಡಲಾರೆನು, ಮಾಡಲಾರನು ಎಂದು ಶಕ್ತಿಯೂ ಅಶಕ್ತಿಯೂ ಆಯಾ ವ್ಯಕ್ತಿಗೆ ಅಂಟಿಕೊಂಡು ಬರುತ್ತವೆ. ಮಾಡಬಹುದು, ಮಾಡಬೇಕು, ಮಾಡಕೂಡದು ಎಂಬಿವು ಮಾತ್ರ ತೋಟದ ಧಣಿಗೂ ಹಣ್ಣು ಕೊಯ್ಯುವ ಹೆಂಗಸಿಗೂ ಒಂದೇ ರೂಪದಲ್ಲಿ ನಿಲ್ಲುತ್ತವೆ. ಶಕ್ತಿ ಒಳಗಿನದು, ಅಪ್ಪಣೆ, ತಡೆಗಳು ಹೊರಗಿನಿಂದ ಬರುವಂಥವು. ಈ ಭೇದವನ್ನು ಕನ್ನಡವು ಕ್ರಿಯಾಪದದ ಕೊನೆಯ ಪ್ರತ್ಯಯದಲ್ಲಿಯೇ ತೋರಿಸುತ್ತದೆ.

‘ಮೇ’ ಎಂಬ ಚಿಕ್ಕ ಪದಕ್ಕೆ ಇಂಗ್ಲಿಷಿನವರು ಅಪ್ಪಣೆಯ ಭಾರವನ್ನೂ ಊಹೆಯ ಭಾರವನ್ನೂ ಹೊರಿಸಿದ್ದಾರೆ. ಅದಕ್ಕೆ ‘ನಾಟ್’ ಸೇರಿದಾಗ ‘ಬರಕೂಡದು’ ಎಂದೋ ‘ಬರದಿರಬಹುದು’ ಎಂದೋ ಸಂದರ್ಭ ನೋಡಿಯೇ ತಿಳಿಯಬೇಕು. ಕನ್ನಡದ ‘ಬಹುದು’ ಕೂಡ ಎರಡನ್ನೂ ಹೊರುತ್ತದೆ. ಆದರೆ ಊಹೆಗೆಂದೇ ಕನ್ನಡದಲ್ಲಿ ಇನ್ನೊಂದು ರೂಪವಿದೆ. ವ್ಯಾಕರಣವು ಸಂಭಾವನಾರ್ಥಕವೆಂದು ಕರೆಯುವ ಬಂದಾನು, ಬಂದೀತು ಎಂಬ ರೂಪಗಳೇ ಅವು. ಕಾಫಿ ಸೀಮೆಯಲ್ಲಿ ಇವಕ್ಕೆ ಬಿಡುವಿಲ್ಲ. ಡಿಸೆಂಬರಿನಲ್ಲಿ ಕಣದ ತುಂಬ ಹಣ್ಣು ಹರಡಿರುವಾಗ ಮೋಡ ಕವಿದರೆ, “ಮಳೆ ಬಂದೀತು, ರಾಶಿ ಮಾಡಿ ಮುಚ್ಚಿ” ಎಂಬ ಕೂಗು ಏಳುತ್ತದೆ. ಅಲ್ಲಿ ‘ಬರಬಹುದು’ ಎಂದರೆ ಬರಿಯ ಲೆಕ್ಕಾಚಾರವಾದೀತು. ‘ಬಂದೀತು’ ಎಂಬುದರಲ್ಲಿ ಕಳವಳವಿದೆ, ಎಚ್ಚರಿಕೆಯಿದೆ. ಅದೇ ಜನ ಮಾರ್ಚ್ ತಿಂಗಳಲ್ಲಿ ಹೂಮಳೆಗಾಗಿ ಆಕಾಶ ನೋಡುತ್ತ ನಿಂತಾಗ “ಇವತ್ತಾದರೂ ಬಂದೀತೆ?” ಎನ್ನುತ್ತಾರೆ. ಆಗ ಅದೇ ರೂಪದಲ್ಲಿ ಆಸೆ ಇಣುಕುತ್ತದೆ. ಬಿದ್ದ ಮಳೆಯನ್ನು ಇಂಚು, ಸೆಂಟುಗಳಲ್ಲಿ ಅಳೆದು ಬರೆದಿಡುವ ಬೆಳೆಗಾರರು ಬೀಳದ ಮಳೆಯನ್ನು ಈ ಒಂದು ಪ್ರತ್ಯಯದಿಂದ ಅಳೆಯುತ್ತಾರೆ!

ಮೇರೆಯನ್ನು ಹೇಳುವಂತೆಯೇ ವ್ಯಾಪ್ತಿಯನ್ನು ಹೇಳುವಾಗಲೂ ಇಂಗ್ಲಿಷಿಗೆ ‘ಕ್ಯಾನ್’ ಬೇಕು. ಕಣ್ಣು ಎಷ್ಟು ದೂರ ಕಾಣಬಲ್ಲದೋ ಅಷ್ಟು ದೂರ, ನೀನು ಎಷ್ಟು ಮಾಡಬಲ್ಲೆಯೋ ಅಷ್ಟು ಎಂಬುದು ಅಲ್ಲಿನ ವಾಕ್ಯದ ಕಟ್ಟಡ. ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಮೇಲೆ ನಿಂತ ಕನ್ನಡಿಗನು ‘ಕಣ್ಣು ಹಾಯುವಷ್ಟು ದೂರ’ ಎಂದು ಮುಗಿಸುತ್ತಾನೆ. ಆದಷ್ಟು, ಕೈಲಾದಷ್ಟು, ಹಿಡಿದಷ್ಟು ಎಂಬಲ್ಲೆಲ್ಲ ‘ಅಷ್ಟು’ ಎಂಬುದೊಂದೇ ಅಳತೆಗೋಲು. ‘ಬಲ್ಲ’ ಎಂಬುದಕ್ಕೆ ಅಲ್ಲಿ ಕೆಲಸವೇ ಇಲ್ಲ.

ಇನ್ನೊಂದು ಇಂಗ್ಲಿಷ್ ನುಡಿಗಟ್ಟು ಬಹಳ ಮಂದಿಯನ್ನು ದಾರಿ ತಪ್ಪಿಸುತ್ತದೆ. ‘ಕ್ಯಾನಾಟ್ ಬಿ ಟೂ ಕೇರ್‌ಫುಲ್’ ಎಂಬ ಮಾತನ್ನು ಕೇಳಿದವರು ‘ಹೆಚ್ಚು ಎಚ್ಚರಿಕೆ ವಹಿಸಕೂಡದು’ ಎಂದು ತಿಳಿಯುವ ಸಂಭವವಿದೆ. ಅರ್ಥವು ಅದಕ್ಕೆ ತೀರ ವಿರುದ್ಧವಾದದ್ದು. ಎಚ್ಚರಿಕೆಯು ಅತಿಯಾಯಿತು ಎನ್ನುವ ಎಲ್ಲೆಯನ್ನು ಮುಟ್ಟುವುದು ಅಸಾಧ್ಯ, ಆದ್ದರಿಂದ ಎಷ್ಟು ಎಚ್ಚರಿಕೆ ವಹಿಸಿದರೂ ಸಾಲದು. ಇಂಗ್ಲಿಷು ‘ಅತಿ’ಯ ಕಡೆಯಿಂದ ಅಳೆದದ್ದನ್ನು ಕನ್ನಡವು ‘ಕೊರತೆ’ಯ ಕಡೆಯಿಂದ ಅಳೆಯುತ್ತದೆ. ಕೀಟನಾಶಕದ ಡಬ್ಬಿಯನ್ನು ಕೈಯಲ್ಲಿ ಹಿಡಿದವನಿಗೆ ಈ ವ್ಯತ್ಯಾಸವು ಪ್ರಾಣದ ಪ್ರಶ್ನೆ.

ಕಾನೂನಿನಲ್ಲಂತೂ ಒಂದೊಂದು ಕ್ರಿಯಾಪದವೂ ಗದ್ದೆಯ ಬದುವಿದ್ದಂತೆ. 1942ರ ಕಾಫಿ ಕಾಯಿದೆಯ ಪ್ರಕಾರ ಬೆಳೆಗಾರನು ಮನೆಬಳಕೆಗೆ, ಬಿತ್ತನೆಗೆ ಬಿಟ್ಟದ್ದನ್ನುಳಿದು ತನ್ನ ಕಾಫಿಯನ್ನು ಕಾಫಿ ಮಂಡಲಿಯ ಸಂಗ್ರಹಕ್ಕೆ ಒಪ್ಪಿಸಲೇಬೇಕಾಗಿತ್ತು. 1992ರಿಂದ ಈ ಕಟ್ಟು ಹಂತಹಂತವಾಗಿ ಸಡಿಲಿ, 1996ರಲ್ಲಿ ಎಲ್ಲ ಬೆಳೆಗಾರರಿಗೂ ತಮ್ಮ ಬೆಳೆಯನ್ನು ಇಷ್ಟಬಂದಲ್ಲಿ ಮಾರುವ ಸ್ವಾತಂತ್ರ್ಯ ದೊರೆಯಿತು. ‘ಬೇಕು’ ಎಂದಿದ್ದ ಎಡೆಯಲ್ಲಿ ‘ಬಹುದು’ ಬಂದಿತು. ಬೆಲೆ ಕುಸಿದರೆ ಅದರ ಹೊಡೆತವೂ ಆ ‘ಬಹುದು’ವಿನೊಡನೆಯೇ ಬೆಳೆಗಾರನ ಪಾಲಿಗೆ ಬಂದಿತು.

ತೋಟದ ಕೂಲಿಯವರಿಗೆ ಸಂಬಂಧಿಸಿದ 1951ರ ತೋಟ ಕಾರ್ಮಿಕರ ಕಾಯಿದೆಯೂ ಹೀಗೆಯೇ ಪದವರಿತು ಬರೆದದ್ದು. ಕುಡಿಯುವ ನೀರು, ವಸತಿ, ಔಷಧೋಪಚಾರಗಳನ್ನು ಹೇಳುವಲ್ಲಿ ಅದು ‘ಶಲ್’ ಎಂಬ ಪದವನ್ನು ಬಳಸಿತ್ತು. ಕಾನೂನಿನ ಕನ್ನಡದಲ್ಲಿ ಇದಕ್ಕೆ ‘ಒದಗಿಸತಕ್ಕದ್ದು’ ಎನ್ನುತ್ತಾರೆ. ಮನೆಮಾತಿನಲ್ಲಿ ಯಾರೂ ಹೀಗೆ ಆಡುವುದಿಲ್ಲ. ಆದರೂ ‘ಒದಗಿಸಬಹುದು’ ಎಂದು ಬರೆದಿದ್ದರೆ ಲೈನುಮನೆಗಳಲ್ಲಿ ವಾಸಿಸುವವರ ಪಾಲಿಗೆ ಆ ಕಾಯಿದೆಯು ಬರಿಯ ಕಾಗದವಾಗಿರುತ್ತಿತ್ತು. ದುಡಿಮೆಯ ಹೊತ್ತಿನ ವಿಷಯದಲ್ಲಿ, 1981ರ ತಿದ್ದುಪಡಿಯ ಬಳಿಕ, ಕಾಯಿದೆಯೇ ಬಿಡಿಸಿ ಹೇಳಿದ ಸಂದರ್ಭಗಳನ್ನುಳಿದು ವಯಸ್ಕ ಕಾರ್ಮಿಕರಿಗೆ ವಾರಕ್ಕೆ 48 ಗಂಟೆಗಳ ಮಿತಿಯಿತ್ತು. ಅದನ್ನು ಮೀರಿ ದುಡಿಯಬೇಕೆಂದು ಬಲವಂತ ಮಾಡಕೂಡದು, ದುಡಿಯಲು ಬಿಡಲೂ ಕೂಡದು ಎಂದು ಅಲ್ಲಿ ಎರಡು ಕ್ರಿಯೆಗಳನ್ನು ಜೋಡಿಸಿದ್ದರು. ಮೊದಲನೆಯದೊಂದೇ ಇದ್ದಿದ್ದರೆ, “ಬಲವಂತ ಮಾಡಿದವರಾರು? ಅವರೇ ಬಂದು ಕೊಯ್ದರು” ಎಂದು ಮಾಲೀಕನು ಸುಲಭವಾಗಿ ಜಾರಿಕೊಳ್ಳಬಹುದಾಗಿತ್ತು.